ತಿಂಗಳಿಗೆ ಹತ್ತು ಸಾವಿರದ ಗೆರೆ

‘ಗಡೀಲೇ ಇದೀರ, ಆಸ್ಪತ್ರೆ ಖರ್ಚು ಬಂದ್ರೆ ಆಂಧ್ರದ ರಾಯದುರ್ಗದ ಕಡೆ ಹೋಗಿ ಕಾರ್ಡ್ ತೋರಿಸಿದ್ರಾಯ್ತಲ್ಲ’ ಅಂತ ನೀನು ಕೇಳ್ದೆ. ನೋಡಪ್ಪ, ಕರ್ನಾಟಕದ ಅಂಚಿನ ನಮ್ಮ ಮೊಳಕಾಲ್ಮೂರಲ್ಲಿ ಮಾತು, ಮದುವೆ, ಸಂತೆ ಎಲ್ಲ ಗಡಿ ದಾಟ್ತಾವೆ, ನಮ್ಮ ರೇಷನ್ ಕಾರ್ಡಿಗೆ ಮಾತ್ರ ಆಂಧ್ರದ ಆಸ್ಪತ್ರೆ ಯೋಜನೆ ಸಿಗಲ್ಲ. 5 ಲಕ್ಷದೊಳಗೆ ವರಮಾನ ಇರೋರಿಗೂ ಆಂಧ್ರದವರು ತಮ್ಮ ಉಚಿತ ಚಿಕಿತ್ಸೆ ಯೋಜನೆ ಆರೋಗ್ಯಶ್ರೀಯ ಬಾಗಿಲು ತೆಗೆದು ವರ್ಷಗಳಾದ್ವು. ಈಗ ಅದಕ್ಕೆ ಎನ್‌ಟಿಆರ್ ವೈದ್ಯ ಸೇವೆ ಅಂತಾರೆ. ನಮ್ಮ ಬಿಪಿಎಲ್ ಗೆರೆ ವರ್ಷಕ್ಕೆ 1.20 ಲಕ್ಷ. ಅಣ್ಣ ಆ ಕಡೆ, ತಮ್ಮ ಈ ಕಡೆ, ಇಬ್ಬರಿಗೂ ತಿಂಗಳಿಗೆ 15,000 ಸಂಬಳ ಅಂದ್ರೆ ತಮ್ಮ ಸಾಹುಕಾರ!

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಆದ್ರೆ ಸರ್ಕಾರ ಕೊಡೋದು ಶೇ. 30, ಅದೂ ವರ್ಷಕ್ಕೆ 1.5 ಲಕ್ಷ ಮೀರಂಗಿಲ್ಲ. ಪ್ಯಾಕೇಜ್ ದರ, ಅಂದ್ರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತುಮಾಡಿದ ದರ, 1 ಲಕ್ಷ ಅಂತಿಟ್ಕೊ: ಬಿಪಿಎಲ್‌ನವರ ಕೈಯಿಂದ ಸೊನ್ನೆ, ಎಪಿಎಲ್‌ನವರ ಕೈಯಿಂದ 70,000. ನಡುವೆ ಮೆಟ್ಟಿಲೇ ಇಲ್ಲ. ವರಮಾನ ಗೆರೆಯಿಂದ ನೂರು ರೂಪಾಯಿ ಮೇಲೆ ಹೋದ್ರೂ ಒಂದೇ, ಲಕ್ಷ ಹೋದ್ರೂ ಒಂದೇ. ಇನ್ನೊಂದು, ಈ ಶೇ. 30 ಲೆಕ್ಕ ಹಾಕೋದು ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆ ಬಿಲ್ ನೋಡಿ ಅಲ್ಲ.

ಗೆರೆ ಬರೀ ಸಂಬಳದ್ದೂ ಅಲ್ಲ. 3 ಹೆಕ್ಟೇರಿಗಿಂತ ಹೆಚ್ಚು ಒಣಭೂಮಿ ಇದ್ರೂ ಕಾರ್ಡ್ ಹೋಗುತ್ತೆ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆ ಅಷ್ಟು ನೆಲದಲ್ಲಿ ಶೇಂಗಾ ಬೀಜದ ದುಡ್ಡೂ ಹುಟ್ಟಲ್ಲ, ಆ ನಷ್ಟ ಬರೆಯೋ ಕಾಲಂ ಅರ್ಜೀಲಿಲ್ಲ. ಸಾಲ ಸಿಗಲಿ ಅಂತ ವರಮಾನ ಹೆಚ್ಚು ತೋರಿಸಿ ಐಟಿ ರಿಟರ್ನ್ ಹಾಕಿದ ಮಗ್ಗದವರೂ ಇಲ್ಲೇ ಸಿಕ್ಕಿಬಿದ್ದು ಕಾರ್ಡ್ ಕಳ್ಕೋತಾರೆ.

ರೆಫರಲ್ ವಿಷಯ ನಿಂಗೆ ಗೊತ್ತೇ ಇದೆ. ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಆಗದಿದ್ರೆ ಅವರ ಚೀಟಿ ಹಿಡಿದು ದಾವಣಗೆರೆಗೋ ಬಳ್ಳಾರಿಗೋ. ತುರ್ತು ಪಟ್ಟಿಯ ಕಾಯಿಲೆಗೆ ಚೀಟಿ ಬೇಡ. ಸಣ್ಣಪುಟ್ಟ ಆಪರೇಷನ್ನಿಗೆ ಖಾಸಗಿಯವರ ಹತ್ರ ಹೋದ್ರೆ ಯೋಜನೆ ಇಲ್ಲ, ಪೂರ್ತಿ ಕೈಯಿಂದ.

‘ಆ ಕಡೆ ವಿಳಾಸ ಮಾಡಿಸ್ಕೊಳ್ಳಿ’ ಅಂದ್ಯಲ್ಲ, ಅದು ನಂಗೆ ಹಿಡಿಸಲಿಲ್ಲ. ಮನೇಲಿ ತೆಲುಗು ಆಡೋರೂ ಇಲ್ಲಿನವರೇ, ಮಕ್ಕಳನ್ನ ಕನ್ನಡ ಶಾಲೆಗೇ ಹಾಕಿದಾರೆ. ಎಂಟು ಸಾವಿರ ಉಳಿಯುತ್ತೆ, ಎಂಬತ್ತು ಸಾವಿರ ಉಳಿಯುತ್ತೆ ಅಂತ ಊರು ಬದಲಾಯಿಸೋಕಾಗುತ್ತಾ? ಸುಮ್ನೆ ಹೆಸರು ದಾಟಿಸಿದ್ರೆ ಇಲ್ಲಿನ ಕಾರ್ಡಿಂದ ಹೆಸರು ತೆಗೆಸ್ಬೇಕು, ಅಕ್ಕೀನೂ ಹೋಗುತ್ತೆ.

ನಿಮ್ಮತ್ತೆಗೆ ಆಪರೇಷನ್ ಅಂದ್ಯಲ್ಲ, ಸೇರಿಸೋಕೆ ಮುಂಚೆ ಆಸ್ಪತ್ರೇಲಿ ಈ ಯೋಜನೆ ಕೆಲಸ ನೋಡ್ಕೊಳ್ಳೋ ಆರೋಗ್ಯಮಿತ್ರರ ಹತ್ರ ಹೋಗಿ ಕಾರ್ಡ್ ಈಗಲೂ ಬಿಪಿಎಲ್ ಅಂತಲೇ ತೋರಿಸ್ತಾ ಇದೆಯಾ ನೋಡಿಸು. ಪ್ಯಾಕೇಜ್ ಕೋಡು, ದರ, ನೀವು ಕಟ್ಟೋ ಮೊತ್ತ ಮೂರನ್ನೂ ಒಂದು ಚೀಟೀಲಿ ಬರೆಸ್ಕೊ. ಬಿಲ್ ಬಂದ ಮೇಲೆ ಕೇಳಿದ್ರೆ ಯಾರೂ ಬರೆದುಕೊಡಲ್ಲ.