ಕಾರಲ್ಲಿ ಚರ್ಚಿಲ್‌ಗೆ ಹೋಗಬಹುದಾ? ಜುಲೈನಲ್ಲಿ ಹೋದರೆ ಹಿಮಕರಡಿ, ಅರೋರಾ (ರಾತ್ರಿ ಆಕಾಶದಲ್ಲಿ ಆಡುವ ಬಣ್ಣದ ಬೆಳಕು) ಎರಡೂ ಕಾಣುತ್ತವಾ?

ಕೆನಡಾದ ಹಡ್ಸನ್ ಕೊಲ್ಲಿಯ ದಂಡೆಯ ಚರ್ಚಿಲ್‌ಗೆ ರಸ್ತೆಯೇ ಇಲ್ಲ. ವಿನಿಪೆಗ್‌ನಿಂದ ವಿಮಾನ ಇದೆ, ಟಿಕೆಟ್ ಮಾತ್ರ ಕೈಸುಡುತ್ತದೆ. ರೈಲಾದರೆ ಸುಮಾರು 1,700 ಕಿ.ಮೀ., ಎರಡು ರಾತ್ರಿ. ನನ್ನನ್ನು ಕೇಳಿದರೆ, ವಿನಿಪೆಗ್‌ನಿಂದ 760 ಕಿ.ಮೀ. ದೂರದ ಥಾಂಪ್ಸನ್ ಊರಿನವರೆಗೆ ಕಾರಲ್ಲಿ ಹೋಗಿ, ಕಾವಲಿರುವ ಕಡೆ ನಿಲ್ಲಿಸಿ, ಅಲ್ಲಿಂದ ರೈಲು ಹತ್ತಿ. ಒಂದೇ ರಾತ್ರಿ ಸಾಕು.

ರೈಲು ತಡವಾಗುವುದು ಮಾಮೂಲು. ಹಳಿಯ ಕೆಳಗಿರುವುದು ಜೌಗು ಮತ್ತು ಹೆಪ್ಪುಗಟ್ಟಿದ ನೆಲ. ಬೇಸಿಗೆಯಲ್ಲಿ ಮೇಲ್ಪದರ ಕರಗಿ ಹಳಿ ಅಲ್ಲಲ್ಲಿ ತಗ್ಗುತ್ತದೆ, ರೈಲು ತೆವಳುತ್ತದೆ. 2017ರ ನೆರೆಗೆ ಹಳಿ ಕೊಚ್ಚಿಹೋಗಿ 2018ರ ಡಿಸೆಂಬರ್‌ವರೆಗೆ ಪ್ರಯಾಣಿಕರ ರೈಲೇ ಇರಲಿಲ್ಲ. ಹಾಗಾಗಿ ಮುಂದಿನ ವಿಮಾನಕ್ಕೆ ಕನಿಷ್ಠ ಒಂದು ದಿನ ಬಿಡುವಿಡಿ.

ಜುಲೈನಲ್ಲಿ ರಾತ್ರಿ ಪೂರ್ತಿ ಕತ್ತಲಾಗುವುದೇ ಇಲ್ಲ, ಅರೋರಾ ಆಸೆ ಬಿಡಿ; ಅದಕ್ಕೆ ಫೆಬ್ರವರಿ, ಮಾರ್ಚ್ ಒಳ್ಳೆಯದು. ಜುಲೈನ ಭಾಗ್ಯ ಬೇರೆ: ಚರ್ಚಿಲ್ ನದಿ ಸಮುದ್ರ ಸೇರುವಲ್ಲಿ ಬೆಲುಗಾ ತಿಮಿಂಗಿಲಗಳು ಹಿಂಡುಹಿಂಡಾಗಿ ಬರುತ್ತವೆ, ದೋಣಿಯ ಪಕ್ಕದಲ್ಲೇ ಬೆಳ್ಳನೆಯ ಬೆನ್ನು ಮೇಲೇಳುತ್ತದೆ. ಆಚೆ ದಡದ ಪ್ರಿನ್ಸ್ ಆಫ್ ವೇಲ್ಸ್ ಕೋಟೆಗೂ ದೋಣಿಯಲ್ಲೇ ಹೋಗಬೇಕು. ಸೊಳ್ಳೆಗೆ ಮುಖಪರದೆ ಬೇಕೇಬೇಕು, ಮುಲಾಮು ಸಾಲದು.

ಹಿಮಕರಡಿಗೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ ಹೋಗಿ. ನದಿಯ ಸಿಹಿನೀರು ಸೇರುವ ಕಡೆ ಕೊಲ್ಲಿ ಬೇಗ ಹೆಪ್ಪುಗಟ್ಟುತ್ತದೆ. ಸೀಲ್ ಬೇಟೆಗೆ ಮಂಜುಗಡ್ಡೆ ಹತ್ತಲು ಕರಡಿಗಳು ಅಲ್ಲೇ ಕಾಯುತ್ತವೆ. ಜುಲೈನಲ್ಲೂ ಒಂದೆರಡು ಕಾಣಬಹುದು, ಅದೇ ಅಪಾಯ. ದಂಡೆಯ ಬಂಡೆಗಳ ಸಂದಿಯಲ್ಲಿ ಮಲಗಿದ ಕರಡಿ ಹತ್ತಿರ ಹೋಗುವವರೆಗೆ ತಿಳಿಯುವುದಿಲ್ಲ. ಊರಿನವರು ಕಾರಿನ ಬಾಗಿಲಿಗೆ ಬೀಗ ಹಾಕದಿರುವುದು ಇದಕ್ಕೇ: ಕರಡಿ ಎದುರಾದವರು ಯಾರ ಕಾರಿಗಾದರೂ ನುಗ್ಗಬಹುದು. ಕರಡಿ ಸಹಾಯವಾಣಿ 204-675-2327 ಫೋನಿನಲ್ಲಿರಲಿ.

ಊರಾಚೆ ಪೂರ್ವದ ರಸ್ತೆಯಲ್ಲಿ 1979ರಲ್ಲಿ ಬಿದ್ದ ‘ಮಿಸ್ ಪಿಗಿ’ ಸರಕು ವಿಮಾನ, ಮುಂದೆ 1960ರಲ್ಲಿ ದಂಡೆಯ ಬಳಿ ನೆಲಕ್ಕೆ ಸಿಕ್ಕಿಬಿದ್ದ ಇಥಾಕಾ ಹಡಗು ಸಿಗುತ್ತವೆ. ನೀರಿಳಿದಾಗ ಹಡಗಿನವರೆಗೆ ನಡೆಯಬಹುದು ಅಂತ ಯಾರಾದರೂ ಆಸೆ ಹಚ್ಚಿದರೆ, ಬಂದೂಕಿರುವ ಗೈಡ್ ಇಲ್ಲದೆ ಬೇಡ.

ಸಸ್ಯಾಹಾರಿಗಳಾದರೆ ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಳ್ಳಿ. ತರಕಾರಿ ದೂರದಿಂದ ಬರಬೇಕು, ಬೆಲೆಯೂ ಹಾಗೇ. ಚಳಿಗಾಲಕ್ಕೆ ಹೋದರೆ ಕ್ಯಾಮೆರಾ ಬ್ಯಾಟರಿ ಒಳಜೇಬಿನಲ್ಲಿರಲಿ. ಹೊರಗಿಂದ ಬೆಚ್ಚನೆಯ ಕೋಣೆಗೆ ಬರುವ ಮೊದಲೇ ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಎರಡು ಗಂಟೆ ಬಿಚ್ಚಬೇಡಿ. ಇಲ್ಲದಿದ್ದರೆ ಲೆನ್ಸ್ ಒಳಗೆಲ್ಲ ನೀರು ಕಟ್ಟುತ್ತದೆ.