ಸ್ಪೈರೋಮೆಟ್ರಿ ಸಹಜ, ಪೀಕ್ ಫ್ಲೋ ಏರುಪೇರು: ಯಾವುದನ್ನು ನಂಬಬೇಕು?

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಕೆಲವು ತಿಂಗಳಿಂದ ಬೆಳಗಿನ ಜಾವ ಕೆಮ್ಮಿನಿಂದ ಎಚ್ಚರವಾಗುತ್ತದೆ, ಎದೆ ಬಿಗಿದಂತಾಗುತ್ತದೆ. ಒಂದು ಮಧ್ಯಾಹ್ನ ಮಾಡಿಸಿದ ಸ್ಪೈರೋಮೆಟ್ರಿಯ (ಊದಿಸಿ ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಪರೀಕ್ಷೆ) ವರದಿಯಲ್ಲಿ ‘ಸಹಜ’ ಎಂದಿದೆ. ಮನೆಯಲ್ಲಿ ಪೀಕ್ ಫ್ಲೋ ಮೀಟರ್ ಊದಿದರೆ ಬೆಳಿಗ್ಗೆ 360, ಸಂಜೆ 440 ತೋರಿಸುತ್ತದೆ. ಯಾವ ಅಳತೆ ಸರಿ? ನನಗೆ ಅಸ್ತಮಾ ಇದೆಯೇ?

ಉತ್ತರ: ಎರಡು ಅಳತೆಗಳೂ ಸರಿಯಾಗಿಯೇ ಇರಬಹುದು. ಅಸ್ತಮಾದಲ್ಲಿ ಶ್ವಾಸನಾಳಗಳು ಸದಾ ಕಿರಿದಾಗಿರುವುದಿಲ್ಲ. ಬೆಳಗಿನ ಜಾವಕ್ಕೆ ಬಿಗಿದು, ಹೊತ್ತೇರಿದಂತೆ ಸಡಿಲಗೊಳ್ಳುವುದು ಈ ಕಾಯಿಲೆಯ ಸ್ವಭಾವ. ಆದ್ದರಿಂದ ತೊಂದರೆಯಿಲ್ಲದ ಹೊತ್ತಿನಲ್ಲಿ ಮಾಡಿದ ಒಂದು ಸಹಜ ಸ್ಪೈರೋಮೆಟ್ರಿಯಿಂದ ಅಸ್ತಮಾ ಇಲ್ಲವೆಂದು ತೀರ್ಮಾನಿಸಲಾಗದು.

ಆದರೂ ಎರಡರಲ್ಲಿ ಹೆಚ್ಚು ಭರವಸೆಯ ಪರೀಕ್ಷೆ ಸ್ಪೈರೋಮೆಟ್ರಿಯೇ ಎಂಬುದು ನನ್ನ ಅಭಿಪ್ರಾಯ. ಪೂರ್ತಿ ಉಸಿರೆಳೆದುಕೊಂಡು ರಭಸದಿಂದ ಊದಿದಾಗ ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿ, ಅಂದರೆ ಎಫ್‌ಇವಿ1, ಉಸಿರು ಬರಿದಾಗುವವರೆಗೆ ಹೊರಬಂದ ಒಟ್ಟು ಗಾಳಿಯಾದ ಎಫ್‌ವಿಸಿ, ಇವೆರಡರ ಅನುಪಾತ, ಜೊತೆಗೆ ಊದಿದ ಬಗೆಯ ರೇಖಾಚಿತ್ರ, ಇಷ್ಟೂ ಅದರಲ್ಲಿ ಸಿಗುತ್ತವೆ. ಅರೆಮನಸ್ಸಿನಿಂದ ಊದಿದ್ದರೆ ರೇಖೆಯೇ ಹೇಳಿಬಿಡುತ್ತದೆ. ಪೀಕ್ ಫ್ಲೋ ಮೀಟರ್ ಗಾಳಿಯ ಗರಿಷ್ಠ ವೇಗವನ್ನು ಮಾತ್ರ, ನಿಮಿಷಕ್ಕೆ ಇಷ್ಟು ಲೀಟರ್ ಎಂದು ತೋರಿಸುತ್ತದೆ. ಸಣ್ಣ ಶ್ವಾಸನಾಳಗಳ ಅಡಚಣೆ ಅದರಲ್ಲಿ ಅಷ್ಟಾಗಿ ಕಾಣದು, ಒಂದು ಮೀಟರಿಗೂ ಇನ್ನೊಂದಕ್ಕೂ ಶೇ. 20ರವರೆಗೆ ವ್ಯತ್ಯಾಸ ಬರಬಹುದು. ಆದರೆ ಎದೆ ಬಿಗಿಯುವ ಬೆಳಗಿನ ಐದು ಗಂಟೆಗೆ ನಿಮ್ಮ ಕೈಗೆ ಸಿಗುವುದು ಅದೊಂದೇ.

ನಿಮ್ಮ ಅಂಕಿಗಳನ್ನೇ ನೋಡೋಣ. 440ರಲ್ಲಿ 360 ಕಳೆದರೆ 80. ಎರಡರ ಸರಾಸರಿ 400. ಹೀಗಾಗಿ ಏರಿಳಿತ ಶೇ. 20. ಅಸ್ತಮಾ ಕುರಿತ ಜಾಗತಿಕ ಮಾರ್ಗಸೂಚಿಯಾದ ‘ಗಿನಾ’ ಪ್ರಕಾರ, ವಯಸ್ಕರಲ್ಲಿ ಎರಡು ವಾರಗಳ ದೈನಂದಿನ ಏರಿಳಿತದ ಸರಾಸರಿ ಶೇ. 10ನ್ನು ಮೀರಿದರೆ ಅದು ಹೆಚ್ಚೇ. ಒಂದು ದಿನದ ಲೆಕ್ಕ ಸಾಲದು. ಎರಡು ವಾರ ಒಂದೇ ಮೀಟರಿನಲ್ಲಿ, ಎದ್ದ ಕೂಡಲೇ ಮತ್ತು ಸಂಜೆ, ಇನ್ಹೇಲರ್ ಬಳಸುವ ಮುನ್ನ ಮೂರು ಸಲ ಊದಿ, ಮೂರರಲ್ಲಿ ಅತಿ ಹೆಚ್ಚಿನದನ್ನು ಬರೆದಿಡಿ. ಅನೇಕರು ಮೂರರ ಸರಾಸರಿ ಬರೆಯುತ್ತಾರೆ, ಅದು ತಪ್ಪು.

ಇನ್ನು ನಿಮ್ಮ ಹಳೆಯ ವರದಿಯಲ್ಲಿ ಔಷಧಿಗೆ ಮುನ್ನ ಮತ್ತು ನಂತರದ ಅಂಕಿಗಳು ಬೇರೆ ಬೇರೆಯಾಗಿ ಇವೆಯೇ ಎಂದು ನೋಡಿ. ಶ್ವಾಸನಾಳ ಸಡಿಲಿಸುವ ಇನ್ಹೇಲರ್ ಔಷಧಿಯಾದ ಸಾಲ್ಬುಟಮಾಲ್ ಎಳೆದುಕೊಂಡ 10ರಿಂದ 15 ನಿಮಿಷದ ಬಳಿಕ ಎಫ್‌ಇವಿ1 ಶೇ. 12ಕ್ಕಿಂತಲೂ, 200 ಮಿ.ಲೀ.ಗಿಂತಲೂ ಹೆಚ್ಚು ಏರಿದರೆ ಅಸ್ತಮಾದ ಕಡೆಗೆ ಬಲವಾದ ಸುಳಿವು. ಎರಡೂ ಷರತ್ತು ಕೂಡಿಬರಬೇಕು: 1.20 ಲೀಟರಿನಿಂದ 1.38ಕ್ಕೆ ಏರಿದರೆ ಶೇಕಡಾವಾರು 15 ಆಗುತ್ತದೆ, ಆದರೆ ಏರಿದ್ದು 180 ಮಿ.ಲೀ. ಮಾತ್ರ. ಈ ಪರೀಕ್ಷೆಯನ್ನು ಲಕ್ಷಣಗಳಿರುವ ದಿನ, ಸಾಧ್ಯವಾದರೆ ಬೆಳಿಗ್ಗೆಯೇ ಮಾಡಿಸಿ. ಅದಕ್ಕೆ ಮುಂಚಿನ ನಾಲ್ಕು ಗಂಟೆ ಸಾಲ್ಬುಟಮಾಲ್ ತೆಗೆದುಕೊಂಡಿರಬಾರದು. ಉಸಿರು ತೀರಾ ಕಟ್ಟಿದರೆ ಮಾತ್ರ ಈ ನಿಯಮ ನೋಡುತ್ತಾ ಕೂರಬೇಡಿ, ಔಷಧಿ ತೆಗೆದುಕೊಂಡು ತಕ್ಷಣ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ‘ಫೀನೋ’ ಪರೀಕ್ಷೆ ಮಾಡಿಸಿದರೆ ಸ್ಪೈರೋಮೆಟ್ರಿ ಬೇಡವೇ?

ಉತ್ತರ: ಬೇಕು. ಫೀನೋ ಅಳೆಯುವುದು ಉಸಿರಿನಲ್ಲಿರುವ ನೈಟ್ರಿಕ್ ಆಕ್ಸೈಡನ್ನು. ಅದು ಶ್ವಾಸನಾಳದ ಒಂದು ಬಗೆಯ ಉರಿಯೂತದ ಸೂಚಕವೇ ಹೊರತು ಗಾಳಿಯ ಓಡಾಟದ ಅಳತೆಯಲ್ಲ. ಅಲರ್ಜಿಯ ಶೀತವಿರುವವರಲ್ಲಿ ಅಸ್ತಮಾ ಇಲ್ಲದೆಯೂ ಅದು ಏರಬಹುದು, ಧೂಮಪಾನಿಗಳಲ್ಲಿ ಅಸ್ತಮಾ ಇದ್ದೂ ಕಡಿಮೆ ತೋರಬಹುದು.