ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದಿದ್ದರೆ ಸಾಕೇ?

ಪ್ರಶ್ನೆ: ಪೀಣ್ಯದ ಸಮೀಪದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿಗೆ ಕೊಳವೆಬಾವಿ ಮತ್ತು ಟ್ಯಾಂಕರ್ ನೀರೇ ಆಧಾರ. ಟಿಡಿಎಸ್ ಮೀಟರ್ 480 ತೋರಿಸುತ್ತದೆ. ಕೀಟನಾಶಕ, ಕೈಗಾರಿಕಾ ದ್ರಾವಕಗಳಿಗಾಗಿ ಪರೀಕ್ಷೆ ಮಾಡಿಸಿದೆವು. ಎಲ್ಲವೂ ಸ್ವಯಂಚಾಲಿತ ಯಂತ್ರದಲ್ಲಿ ಆಗಿದೆ ಎಂದರು. ವರದಿಯ ಪ್ರತಿ ಸಾಲಿನಲ್ಲೂ ‘ಪತ್ತೆಯಾಗಿಲ್ಲ’ ಎಂದಷ್ಟೇ ಇದೆ. ನಂಬಬಹುದೇ?
— ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು

ಉತ್ತರ: ಟಿಡಿಎಸ್ ಮೀಟರನ್ನು ಈ ವಿಷಯದಲ್ಲಿ ಬದಿಗಿಡಿ. ಅದು ಅಳೆಯುವುದು ನೀರಿನ ವಿದ್ಯುತ್ ವಾಹಕತೆಯನ್ನು, ಅಂದರೆ ಮುಖ್ಯವಾಗಿ ಕರಗಿದ ಲವಣಗಳನ್ನು. ನೀವು ಹುಡುಕುತ್ತಿರುವ ಕೀಟನಾಶಕ, ದ್ರಾವಕಗಳಂಥ ಸಾವಯವ (ಇಂಗಾಲ ಆಧಾರಿತ) ರಾಸಾಯನಿಕಗಳ ಪ್ರಮಾಣ ಅದರ ಕಣ್ಣಿಗೆ ಬೀಳುವಂಥದ್ದಲ್ಲ. ಇವನ್ನು ಮೈಕ್ರೋಗ್ರಾಂ, ಅದರ ಸಾವಿರದಲ್ಲೊಂದು ಭಾಗವಾದ ನ್ಯಾನೋಗ್ರಾಂ ಲೆಕ್ಕದಲ್ಲಿ ಹುಡುಕಬೇಕು. ಲೀಟರಿಗೆ ಒಂದು ನ್ಯಾನೋಗ್ರಾಂ ಎಂದರೆ ಒಂದು ಟಿಎಂಸಿ ನೀರಿನಲ್ಲಿ ಸುಮಾರು 28 ಗ್ರಾಂ.

ಇಷ್ಟು ಅಲ್ಪವಾದುದನ್ನು ಅಳೆಯಬೇಕಾದರೆ ಮೊದಲು ಅದನ್ನು ಸಾಂದ್ರಗೊಳಿಸಬೇಕು. ಹಳೆಯ ಕ್ರಮದಲ್ಲಿ ಒಂದು ಲೀಟರ್ ನೀರನ್ನು ಹೀರುಪದಾರ್ಥ ತುಂಬಿದ ಕಾರ್ಟ್ರಿಜ್ ಮೂಲಕ ನಿಧಾನವಾಗಿ ಹಾಯಿಸಿ, ಅದಕ್ಕೆ ಅಂಟಿದ್ದನ್ನು ಮೆಥನಾಲ್‌ನಿಂದ ಬಿಡಿಸಿ, ನೈಟ್ರೋಜನ್ ಊದಿ ಒಂದು ಮಿಲಿಲೀಟರಿಗೆ ಇಳಿಸುತ್ತಾರೆ. ಕೈಬದಲಾದಂತೆ ಫಲಿತಾಂಶವೂ ಬದಲಾಗುವುದು ಈ ಹಂತದಲ್ಲೇ. ಸ್ವಯಂಚಾಲಿತ ವ್ಯವಸ್ಥೆಯಲ್ಲಿ ಯಂತ್ರವೇ ಕೆಲವು ಮಿಲಿಲೀಟರ್ ನೀರನ್ನು ಸೆಳೆದು ಪುಟ್ಟ ಕಾರ್ಟ್ರಿಜ್‌ಗೆ ತುಂಬುತ್ತದೆ. ಕವಾಟ ತಿರುಗಿದೊಡನೆ, ಕಾರ್ಟ್ರಿಜ್ ಹಿಡಿದಿಟ್ಟದ್ದನ್ನೆಲ್ಲ ದ್ರಾವಕವು ನೇರವಾಗಿ ಕ್ರೊಮ್ಯಾಟೋಗ್ರಫಿಯ ಕಾಲಂಗೆ (ಮಿಶ್ರಣದ ರಾಸಾಯನಿಕಗಳನ್ನು ಬೇರ್ಪಡಿಸುವ ಕೊಳವೆ), ಅಲ್ಲಿಂದ ಅಣುಗಳ ತೂಕ ಅಳೆಯುವ ಮಾಸ್ ಸ್ಪೆಕ್ಟ್ರೋಮೀಟರಿಗೆ ಒಯ್ಯುತ್ತದೆ. ಅಲ್ಲಿ ಅಣುವನ್ನು ಒಡೆದು ಚೂರುಗಳ ತೂಕ ನೋಡುತ್ತಾರೆ. ಅಟ್ರಜಿನ್ ಎಂಬ ಕಳೆನಾಶಕ ಆದರೆ 216 ತೂಕದ ಅಯಾನು (ವಿದ್ಯುದಾವೇಶವಿರುವ ಅಣು) ಒಡೆದು 174ರ ಚೂರು ಬರಬೇಕು, ಜೊತೆಗೆ ಎರಡನೆಯದೊಂದು ಚೂರೂ ನಿಗದಿತ ಅನುಪಾತದಲ್ಲಿ, ನಿಗದಿತ ಸಮಯಕ್ಕೇ ಕಾಣಿಸಬೇಕು.

ಆದರೆ ಯಂತ್ರ ತಪ್ಪನ್ನೂ ಅಷ್ಟೇ ಶಿಸ್ತಿನಿಂದ ಪುನರಾವರ್ತಿಸುತ್ತದೆ. ಕೊಳವೆಬಾವಿ ನೀರಿನಲ್ಲಿರುವ ಇತರ ವಸ್ತುಗಳು ಕೆಲವು ರಾಸಾಯನಿಕಗಳ ಸಂಕೇತವನ್ನು ಅದುಮಿಬಿಡುತ್ತವೆ, ಇದ್ದದ್ದೂ ಇಲ್ಲದಂತೆ ಕಾಣುತ್ತದೆ. ಇದಕ್ಕಾಗಿಯೇ ಡ್ಯುಟೀರಿಯಂ (ಭಾರ ಹೈಡ್ರೋಜನ್) ಬೆಸೆದ ಅಟ್ರಜಿನ್‌ನಂಥ ಗುರುತಿನ ವಸ್ತುವನ್ನು ತಿಳಿದ ಪ್ರಮಾಣದಲ್ಲಿ ಮೊದಲೇ ಬೆರೆಸಿ, ಅದಕ್ಕೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಹೆಚ್ಚು ಮಲಿನವಾದ ಒಂದು ಮಾದರಿಯ ಶೇಷ ಮುಂದಿನದಕ್ಕೆ ದಾಟಿಕೊಳ್ಳುವುದೂ ಉಂಟು. ಆದ್ದರಿಂದ ನಡುನಡುವೆ ಶುದ್ಧ ನೀರನ್ನು ಓಡಿಸಿ ನೋಡದ ಪ್ರಯೋಗಾಲಯದ ಅಂಕಿಗಳಿಗೆ, ಯಂತ್ರ ಎಷ್ಟೇ ದುಬಾರಿಯಾಗಿದ್ದರೂ, ನಾನು ಬೆಲೆ ಕೊಡುವುದಿಲ್ಲ.

ಇನ್ನು ನಿಮ್ಮ ‘ಪತ್ತೆಯಾಗಿಲ್ಲ’ದ ಮಾತು. ಎಷ್ಟು ಪ್ರಮಾಣದವರೆಗೆ ಪತ್ತೆ ಮಾಡಬಲ್ಲರೆಂಬ ಅಂಕಿ ಪಕ್ಕದಲ್ಲಿ ಇಲ್ಲದಿದ್ದರೆ ಆ ಪದಕ್ಕೆ ಅರ್ಥವೇ ಇಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಅಟ್ರಜಿನ್‌ಗೆ ಲೀಟರಿಗೆ 2, ಡಿಡಿಟಿಗೆ 1 ಮೈಕ್ರೋಗ್ರಾಂ ಮಿತಿಯಿದೆ. ಯುರೋಪಿನಲ್ಲಿ ಬಹುತೇಕ ಕೀಟನಾಶಕಗಳಿಗೆ ತಲಾ 0.1 ಮೈಕ್ರೋಗ್ರಾಂ. ಪ್ರಯೋಗಾಲಯದ ಅಳತೆಯ ಕೆಳಮಿತಿಯೇ 5 ಮೈಕ್ರೋಗ್ರಾಂ ಆಗಿದ್ದಲ್ಲಿ, ಮಿತಿ ಮೀರಿದ ಅಟ್ರಜಿನ್ ಕೂಡ ‘ಪತ್ತೆಯಾಗಿಲ್ಲ’ ಎಂದೇ ಮುದ್ರಣವಾಗುತ್ತದೆ.

ದ್ರಾವಕಗಳ ಕಥೆ ಬೇರೆ. ಲೋಹದ ಬಿಡಿಭಾಗಗಳ ಜಿಡ್ಡು ತೆಗೆಯುವ ಟ್ರೈಕ್ಲೋರೋಎಥಿಲೀನ್‌ನಂಥವು ಗಾಳಿಗೆ ಹಾರಿಹೋಗುವುದರಿಂದ ಮೇಲೆ ಹೇಳಿದ ವಿಧಾನಕ್ಕೆ ಸಿಗುವುದಿಲ್ಲ. ಅವಕ್ಕೆ ನೀರಿನೊಳಗೆ ಹೀಲಿಯಂ ಹಾಯಿಸಿ, ಹೊರಬಂದ ಆವಿಯನ್ನು ಹಿಡಿದು, ಕಾಯಿಸಿ ಗ್ಯಾಸ್ ಕ್ರೊಮ್ಯಾಟೋಗ್ರಾಫಿಗೆ ಬಿಡುವ ಪ್ರತ್ಯೇಕ ಯಂತ್ರ ಬೇಕು. ಮಾದರಿಯನ್ನೂ ಒಂದು ಗುಳ್ಳೆಯೂ ಉಳಿಯದಂತೆ ಅಂಚಿನವರೆಗೆ ತುಂಬಿದ ಕಂದುಗಾಜಿನ ಸೀಸೆಯಲ್ಲೇ ಕೊಡಬೇಕು. ಓವರ್‌ಹೆಡ್ ಟ್ಯಾಂಕಿನಿಂದ ಬಿಸ್ಲೆರಿ ಬಾಟಲಿಯಲ್ಲಿ ಹಿಡಿದು ಕೊಟ್ಟಿದ್ದರೆ ಆ ಪರೀಕ್ಷೆಯ ಹಣ ವ್ಯರ್ಥ.

ಪ್ರತಿ ರಾಸಾಯನಿಕಕ್ಕೂ ಅಳತೆಯ ಕೆಳಮಿತಿ, ಮರುಪಡೆತದ ಶೇಕಡಾವಾರು, ಅಂದರೆ ತಿಳಿದೇ ಬೆರೆಸಿದ್ದರಲ್ಲಿ ಎಷ್ಟು ಮತ್ತೆ ಸಿಕ್ಕಿತು ಎಂಬುದು (70ರಿಂದ 120ರೊಳಗೆ ಇದ್ದರೆ ಒಪ್ಪಬಹುದು), ಮತ್ತು ಖಾಲಿ ಮಾದರಿಯ, ಅಂದರೆ ಓಡಿಸಿದ ಶುದ್ಧ ನೀರಿನ ಫಲಿತಾಂಶವನ್ನು ಲಿಖಿತವಾಗಿ ಕೇಳಿ. ಎನ್ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ನೀಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯಿದ್ದರೆ ಅದರ ವ್ಯಾಪ್ತಿಪಟ್ಟಿಯಲ್ಲಿ ನಿಮಗೆ ಬೇಕಾದ ರಾಸಾಯನಿಕಗಳ ಹೆಸರೇ ಇದೆಯೇ ಎಂದು ನೋಡಿ. ಕೊಳವೆಬಾವಿಯ ಮತ್ತು ಟ್ಯಾಂಕರಿನ ನೀರನ್ನು ಬೆರೆಸದೆ, ಟ್ಯಾಂಕಿಗೆ ಸೇರುವ ಮೊದಲೇ ಬೇರೆಬೇರೆಯಾಗಿ ಮಾದರಿ ತೆಗೆಸಿ.